ಬಾಗಿಲ ಅಡಿಯ ಅರಿಶಿನ

ನಾಸಿಕ್‌ನಲ್ಲಿದ್ದ ನಾಲ್ಕು ವರ್ಷಗಳಲ್ಲಿ ನಾನು ಮನೆಯನ್ನು ನಂಬಿ ಬಿಟ್ಟುಹೋದದ್ದು ಒಬ್ಬರಿಗೆ ಮಾತ್ರ, ಬಡಗಿ ಮೋಹನದಾಸ ಆಚಾರ್ರಿಗೆ. ಅವರು ಕನ್ನಡ ಮಾತಾಡುತ್ತಿದ್ದರು, ಅಷ್ಟೇ ಕಾರಣ. ಈಗ ಬರೆಯಲು ನಾಚಿಕೆಯಾಗುತ್ತದೆ.

ನನ್ನ ಯಜಮಾನರು ರಘೋತ್ತಮ, ಬ್ಯಾಂಕಿನವರು. ಧಾರವಾಡದಿಂದ ವರ್ಗವಾಗಿ ಬಂದಾಗ ವಿಭಾ ಎಂಟು ತಿಂಗಳ ಕೂಸು. ಪಂಚವಟಿಯ ಗಲ್ಲಿಯಲ್ಲಿ ನಮ್ಮದು ಕೆಳಮನೆ, ಮೇಲೆ ಮಾಲಕಿ ಸುಶೀಲಾಬಾಯಿ. ಮುಂಬಾಗಿಲಿನ ಮುಖ ಪಶ್ಚಿಮಕ್ಕೆ, ಮಳೆಗಾಲದ ಇರಚಲೆಲ್ಲ ಅದರ ಮೇಲೆಯೇ. ಹೊಸ್ತಿಲು ದಾಟಿದರೆ ಎರಡೇ ಹೆಜ್ಜೆಗೆ ರಸ್ತೆ, ಆಟೋಗಳು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕೂಸು ಗಾಲಿಯ ಕೆಳಗೆ, ಸರಿಯಾಗಿ ತೆರೆಯದಿದ್ದರೆ ಕೂಸು ಒಳಗೆ, ನಾನು ಹೊರಗೆ. ಅಡುಗೆ ಮಾಡುವಾಗಲೂ ನನ್ನ ಒಂದು ಕಿವಿ ಚಿಲಕದ ಮೇಲೆಯೇ ಇರುತ್ತಿತ್ತು.

ಆಚಾರ್ರು ಕುಂದಾಪುರದ ಕಡೆಯವರು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಊರಿನ ಹೋಟೆಲ್ ಧಣಿಯೊಬ್ಬರ ಗಲ್ಲಾ ಮೇಜು ಮಾಡಿಕೊಡಲು ನಾಸಿಕ್‌ಗೆ ಬಂದವರು ಅಲ್ಲಿಯೇ ನಿಂತುಬಿಟ್ಟರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಊರಲ್ಲಿ. ಇವರು ಹೋಟೆಲಿನ ಹಿಂದಿನ ಕೋಣೆಯಲ್ಲಿ. ಹೋಟೆಲುಗಳೆಲ್ಲ ಗಾಜು, ಸ್ಟೀಲಿಗೆ ತಿರುಗಿದ ಮೇಲೆ ಮನೆಗಳ ಬಾಗಿಲು ಹಿಡಿದರು. ಕೆಲಸಕ್ಕೆ ಜೊತೆಗೆ ಯಾರನ್ನೂ ಇಟ್ಟುಕೊಂಡವರಲ್ಲ. ಮೊದಲ ದಿನ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ವೈದ್ಯರ ಹಾಗೆ ಕಿವಿಯಿಟ್ಟು ಕೇಳಿದರು.

"ಕಾಣುವ ಬದಿ ಯಾರೂ ಮಾಡ್ತಾರೆ ಅಕ್ಕ. ಬಾಗಿಲಿನ ಅಡಿ ಉಂಟಲ್ಲ, ಅದನ್ನು ಮಾಡಿದವ ಆಚಾರಿ. ಮರ ನೀರು ಕುಡಿಯುದು ಅಲ್ಲಿಂದ."

ನಾನು ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಹಚ್ಚುವುದನ್ನೂ ಅವರು ಕಂಡಿದ್ದರು. "ಅರಿಶಿನ ಹಚ್ಚಿ, ಬೇಡ ಹೇಳುದಿಲ್ಲ. ಆದ್ರೆ ಚೊಂಬುಗಟ್ಟಲೆ ನೀರು ಎಂತಕ್ಕೆ ಮಾರಾಯ್ರೇ? ದೇವರಿಗೆ ಶೀತ ಆಗ್ತದೆ."

"ನೀವು ಅಡಿ ಭದ್ರ ಮಾಡ್ರಿ, ನೀರಿನ ಚಿಂತಿ ನನಗ ಬಿಡ್ರಿ," ಎಂದು ನಕ್ಕಿದ್ದೆ.

ಪ್ರತಿ ವರ್ಷ ಮಳೆಗೆ ಮುಂಚೆ ಬಾಗಿಲಿಗೆ ವಾರ್ನಿಶ್ ಆಗಬೇಕಿತ್ತು. ಮೊದಲ ಎರಡು ಬೇಸಿಗೆ ನನ್ನ ಕಣ್ಣೆದುರೇ ಮಾಡಿದರು. ಬಿಜಾಗರಿಯ ಸ್ಕ್ರೂ ಬಿಚ್ಚಿ, ಅಷ್ಟು ಭಾರದ ಬಾಗಿಲನ್ನು ಒಬ್ಬರೇ ಅಪ್ಪಿ ಎತ್ತಿ, ಗೋಡೆಗೆ ಅಡ್ಡ ಮಲಗಿಸಿ, ಅಡಿಗೆ ಮೂರು ಸಲ ವಾರ್ನಿಶ್ ಬಳಿದರು. ಮುಂಭಾಗ ಆಮೇಲೆ.

ಮೂರನೇ ಬೇಸಿಗೆ ಅವರೇ ಅಂದರು, "ವಾಸನೆಗೆ ಮಗುವಿಗೆ ಕೆಮ್ಮು ಬರ್ತದೆ. ನೀವು ಎಲ್ಲಿಯಾದರೂ ಹೋಗಿ, ಸಂಜೆ ಬನ್ನಿ." ನನಗೆ ಕಣ್ಣು ತುಂಬಿ ಬಂದಿತ್ತು. ಹೆತ್ತ ತಾಯಿಗೆ ಹೊಳೆಯದ್ದು ಇವರಿಗೆ ಹೊಳೆಯಿತಲ್ಲ! ನಾಲ್ಕನೇ ಬೇಸಿಗೆಯೂ ಹಾಗೆಯೇ. ಸಂಜೆ ಬಂದರೆ ಬಾಗಿಲು ಥಳಥಳ.

ಮೇಲಿನಿಂದ ಸುಶೀಲಾಬಾಯಿ ಮಾತ್ರ ತಮ್ಮ ಮರಾಠಿಯಲ್ಲಿ ಕೇಳಿದ್ದರು: "ಬಾಗಿಲು ಇಳಿಸಿದ ಸದ್ದೇ ಬರಲಿಲ್ಲವಲ್ಲ ಶುಭಾ?"

"ನಮ್ಮವರು ಹಾಗೆ ಮಾಡುವವರಲ್ಲ," ಎಂದು ಮುಖ ಗಂಟಿಕ್ಕಿದ್ದೆ. ನಮ್ಮವರು!

ಆ ಜುಲೈನಲ್ಲಿ ಬಾಗಿಲು ಹೊಸ್ತಿಲಿಗೆ ಉಜ್ಜತೊಡಗಿತು. ಫೋನು ಮಾಡಿದರೆ ಆಚಾರ್ರು ಬಂದು ಪಕ್ಕದಲ್ಲಿ ಚೂರು ಕೀಸಿ, "ಮಳೆಗೆ ಎಲ್ಲಾ ಬಾಗಿಲೂ ಹೀಗೇ," ಎಂದು ಹೋದರು.

ಆಗಸ್ಟಿನ ಒಂದು ಬೆಳಿಗ್ಗೆ. ಒಲೆಯ ಮೇಲೆ ಹಾಲಿಟ್ಟು, ಗಾಡಿಯವನಿಂದ ಕೊತ್ತಂಬರಿ ತೆಗೆದುಕೊಳ್ಳಲು ಹೊಸ್ತಿಲ ಆಚೆ ಕಾಲಿಟ್ಟೆ. ಗಾಳಿ ಬೀಸಿ ಬಾಗಿಲು ಧಡ್ ಎಂದು ಹಾಕಿಕೊಂಡಿತು. ಚಿಲಕ ಬಿದ್ದಿರಲಿಲ್ಲ. ತಳ್ಳಿದೆ. ಕದಲಲಿಲ್ಲ. ಉಬ್ಬಿದ ಮರ ಹೊಸ್ತಿಲನ್ನು ಕಚ್ಚಿ ಹಿಡಿದಿತ್ತು.

ಒಳಗಿಂದ ವಿಭಾ, "ಅಮ್ಮಾ, ದಾರ ಉಘಡ ನಾ!" ಬಾಗಿಲು ತೆಗಿ ಎಂದು. ಹೆದರಿದಾಗ ಅವಳಿಗೆ ಮರಾಠಿಯೇ ಬರುವುದು. ಹಾಲು ಉಕ್ಕಿ ಸೀದ ವಾಸನೆ. ಉರಿ ಆರಿ ಗ್ಯಾಸು ಹರಡುತ್ತಿದ್ದರೆ? ಕೂಸು ಒಲೆಯ ಹತ್ತಿರ ಹೋದರೆ? ನಾನು ಕಿರುಚಿದ್ದು ಏನೆಂದು ನನಗೇ ಗೊತ್ತಿಲ್ಲ. ಅರವತ್ತು ದಾಟಿದ ಸುಶೀಲಾಬಾಯಿ ಸೀರೆ ಕಚ್ಚೆ ಬಿಗಿದು ಇಳಿದು ಬಂದರು. ಇಬ್ಬರೂ ಭುಜ ಕೊಟ್ಟೆವು. ನಾಲ್ಕನೇ ಸಲ ತಳ್ಳಿದಾಗ ಬಾಗಿಲು ಬಿಟ್ಟಿತು. ಒಲೆ ಆರಿತ್ತು, ಗ್ಯಾಸಿನ ವಾಸನೆ ಆಗಲೇ ಹಬ್ಬಿತ್ತು. ವಿಭಾ ಬಾಗಿಲ ಹಿಂದೆಯೇ ನಿಂತು ನನ್ನ ಚಪ್ಪಲಿ ಎದೆಗೊತ್ತಿಕೊಂಡಿದ್ದಳು.

ಮರುದಿನ ಭಾನುವಾರ. ಆಚಾರ್ರು ಕಿವಿಯ ಮೇಲೆ ಪೆನ್ಸಿಲಿಟ್ಟುಕೊಂಡು ಬಂದರು.

"ಇಳಿಸ್ರಿ," ಅಂದೆ.

"ಮಳೆಯಲ್ಲಿ ಎಂತಕ್ಕೆ ಅಕ್ಕ? ಸ್ವಲ್ಪ ಕೀಸಿದ್ರೆ..."

"ಇಳಿಸ್ರಿ ಅಂದೆ."

ಒಂದು ತುದಿಯನ್ನು ನನ್ನ ಯಜಮಾನರು ಹಿಡಿದರು. ಅಡ್ಡ ಮಲಗಿಸಿದಾಗ ಅಡಿಯನ್ನು ನೋಡಿದೆ. ಹಳೆಯ ವಾರ್ನಿಶ್ ಒಣಗಿದ ಕೆನೆಯ ಹಾಗೆ ಎದ್ದಿತ್ತು, ಅದರ ಕೆಳಗೆ ಬರೀ ಮರ. ಎರಡು ವರ್ಷ ನಾನು ಹೊಸ್ತಿಲಿಗೆ ಹಚ್ಚಿದ ಅರಿಶಿನವೆಲ್ಲ ನೀರಿನ ಜೊತೆ ಆ ಮರದೊಳಗೆ ಏರಿ, ನಾಲ್ಕು ಬೆರಳು ಎತ್ತರ ಹಳದಿಯಾಗಿ ಕೂತಿತ್ತು. ನಡುವೆ ಕುಂಕುಮದ ಗೆರೆ. ಉಗುರು ಒತ್ತಿದರೆ ಒಳಗಿಳಿಯಿತು.

ಆಚಾರ್ರು ಅಂದರು, "ಸೊಂಟ ಹೋಗಿ ಎರಡು ವರ್ಷ ಆಯ್ತು. ಒಬ್ಬನಿಗೆ ಎತ್ತಲಿಕ್ಕೆ ಆಗುದಿಲ್ಲ."

"ಹೇಳಬೇಕಿತ್ತಲ್ರಿ! ಇವರೊಂದು ಕೈ ಹಿಡೀತಿದ್ರು."

"ಬಾಗಿಲು ಎತ್ತಲಿಕ್ಕೆ ಆಗದ ಆಚಾರಿ ಅಂತ ನಾನೇ ಬೋರ್ಡು ಹಾಕಿಕೊಳ್ಳುದಾ?"

"ಅದಕ್ಕ ನಮ್ಮನ್ನ ಹೊರಗ ಕಳಿಸಿದ್ರಿ? ಕೂಸಿಗೆ ಕೆಮ್ಮು ಬರತದ ಅಂತ ಹೇಳಿ?"

ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಮರದ ಮೇಲೆ ಗುರುತು ಹಾಕತೊಡಗಿದರು.

ಕೊಳೆತದ್ದನ್ನು ಕತ್ತರಿಸಿ, ಹೊಸ ಪಟ್ಟಿ ಕೂರಿಸಿ, ಅಡಿಗೆ ಮೂರು ಸಲ ಬಳಿದು ಚೊಕ್ಕವಾಗಿಯೇ ಮುಗಿಸಿದರು. ನಾನು ಅಷ್ಟೂ ಹೊತ್ತು ಎದುರಿಗೇ ಕೂತಿದ್ದೆ. ಚಹಾ ಯಜಮಾನರ ಕೈಯಲ್ಲಿ ಕಳಿಸಿದೆ. ಸುಶೀಲಾಬಾಯಿ ಮೆಟ್ಟಿಲ ಮೇಲಿಂದ ಎಲ್ಲಾ ನೋಡಿದರು, ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಈಗ ನಾವು ಛತ್ರಪತಿ ಸಂಭಾಜಿನಗರದಲ್ಲಿದ್ದೇವೆ. ಇಲ್ಲಿಯೂ ಹೊಸ್ತಿಲಿಗೆ ಅರಿಶಿನ ಹಚ್ಚುತ್ತೇನೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇಲ್ಲಿಯ ಬಡಗಿ ಬಂದು ವಾರ್ನಿಶ್ ಬಳಿದ ದಿನ ವಿಭಾ ಕೆಮ್ಮಿದಳು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲೆದುರೇ ಕೂತಿದ್ದೆ.

ಹೋದ ವಾರ ಪೂಜಿತಾ ಫೋನು ಮಾಡಿದ್ದಳು. ಇವರ ಜಾಗಕ್ಕೆ ಬಂದ ಬ್ಯಾಂಕಿನವರ ಹೆಂಡತಿ, ನಮ್ಮ ಅದೇ ಕೆಳಮನೆಯಲ್ಲಿದ್ದಾಳೆ, ಕೈಗೂಸಿನ ತಾಯಿ. "ಅಕ್ಕಾ, ಇಲ್ಲೊಬ್ಬರು ಆಚಾರ್ರು ಬಂದಾರ. ಬಾಯ್ತುಂಬ ಕನ್ನಡ ಮಾತಾಡ್ತಾರ. ನಂಬಬಹುದಾ?"

"ಕೆಲಸ ಬಲ್ಲವರು," ಅಂದೆ. "ಬಾಗಿಲು ಎತ್ತಲಿಕ್ಕೆ ನಿಮ್ಮವರನ್ನ ಜೋಡಿ ನಿಲ್ಲಸ್ರಿ. ಮತ್ತ, ಕೂಸಿಗೆ ಕೆಮ್ಮು ಬರತದ, ಸಂಜೀಕ ಬರ್ರಿ ಅಂದ್ರ... ಹೋಗಬ್ಯಾಡ್ರಿ."