ಡೀಸೆಲ್ ಐವತ್ತು, ಕಲ್ಲಿದ್ದಲು ನಲವತ್ತೆಂಟು

ಕೋವಿಡ್ ಮುಗಿದ ಮರುವರ್ಷ ನಾನು ಕಾರ್ಗಲ್ಲಿನಲ್ಲಿ ಜಲವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನ ಎಂಜಿನಿಯರ್ ಆಗಿದ್ದೆ. ಅದಕ್ಕೂ ಮೊದಲು ಹಲವು ವರ್ಷ ಕಲ್ಲಿದ್ದಲು ಸುಡುವ ಉಷ್ಣ ಸ್ಥಾವರದಲ್ಲಿ ದುಡಿದವನು. ನೀರು, ಬೆಂಕಿ ಎರಡನ್ನೂ ಬಲ್ಲವನೆಂದು ಸಾಗರದ ದಂಪತಿಗಳ ವ್ಯಾಜ್ಯವೊಂದು ನನ್ನಲ್ಲಿಗೆ ಬಂತು.

ಸುಮಿತ್ರಾ ಟ್ಯಾಕ್ಸಿ ಓಡಿಸುತ್ತಿದ್ದರು. ವರದಹಳ್ಳಿಗೆ ಹೋಗುವ ಭಕ್ತರೇ ಹೆಚ್ಚಿನ ಗಿರಾಕಿಗಳು. ಗಂಡ ಮಂಜಪ್ಪನದು ಗ್ಯಾರೇಜು. ನನ್ನ ಕಾರಿನ ಸರ್ವಿಸ್ ಅಲ್ಲೇ. ಆಕೆಗೆ ಎಲೆಕ್ಟ್ರಿಕ್ ಕಾರು ಬೇಕು, ಆತ ಸುತರಾಂ ಒಪ್ಪ.

"ಕರೆಂಟು ಆಕಾಶದಿಂದ ಬೀಳ್ತದಾ ಸರ್? ಎಲ್ಲೋ ಕಲ್ಲಿದ್ದಲು ಸುಡ್ಲೇಬೇಕಲ್ಲ" ಎಂದ ಮಂಜಪ್ಪ.

"ಕಾರ್ಗಲ್ಲಿಂದ ಬರೋದು ನೀರಿನ ಕರೆಂಟಲ್ವಾ?" ಎಂದರು ಸುಮಿತ್ರಾ.

ವಾದಕ್ಕಿಂತ ಅಳತೆ ಮೇಲು ಎಂದು ಒಂದು ಭಾನುವಾರ ಸಾಗರದಿಂದ ಎರಡು ಕಾರುಗಳಲ್ಲಿ ಹೊರಟೆವು. ಶೋರೂಮಿನವರು ಟ್ರಯಲ್‌ಗೆ ಕೊಟ್ಟ ಎಲೆಕ್ಟ್ರಿಕ್ ಕಾರು ಸುಮಿತ್ರಾ ಕೈಯಲ್ಲಿ, ಹಳೆಯ ಡೀಸೆಲ್ ಕಾರು ಮಂಜಪ್ಪನ ಕೈಯಲ್ಲಿ. ಹೊಸನಗರದ ಮೇಲೆ ತೀರ್ಥಹಳ್ಳಿ ತಲುಪಿದಾಗ ಡೀಸೆಲ್ ಐದು ಲೀಟರ್ ಖರ್ಚಾಗಿತ್ತು, ಬ್ಯಾಟರಿ ಹನ್ನೆರಡು ಯೂನಿಟ್.

ಹೋಟೆಲಿನಲ್ಲಿ ಕಾಫಿ ಹೇಳಿ ಲೆಕ್ಕ ಬಿಡಿಸಿದೆ. ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್ ಶಕ್ತಿ, ಐದಕ್ಕೆ ಐವತ್ತು. ಬ್ಯಾಟರಿಗೆ ಹನ್ನೆರಡು ತುಂಬಲು, ತಂತಿ ಮತ್ತು ಚಾರ್ಜರಿನ ನಷ್ಟ ಸೇರಿ, ಸ್ಥಾವರದಿಂದ ಹದಿನಾರು ಹೊರಡಬೇಕು. ಕಲ್ಲಿದ್ದಲಿನ ಶಾಖದಲ್ಲಿ ಮೂರರಲ್ಲೊಂದು ಪಾಲಷ್ಟೇ ವಿದ್ಯುತ್ತಾಗುತ್ತದೆ. ಅಂದರೆ ಹದಿನಾರಕ್ಕೆ ನಲವತ್ತೆಂಟು ಯೂನಿಟ್ ಶಾಖ ಬೇಕು. ಪೂರ್ತಿ ಕಲ್ಲಿದ್ದಲಾದರೆ ಹೆಚ್ಚುಕಡಿಮೆ ಸಮ. ಆದರೆ ನಮ್ಮ ಗ್ರಿಡ್‌ಗೆ ನೀರು, ಗಾಳಿ, ಬಿಸಿಲಿನ ವಿದ್ಯುತ್ತೂ ಸೇರುತ್ತದೆ. ಅಷ್ಟರ ಮಟ್ಟಿಗೆ ಏನೂ ಸುಡುವುದಿಲ್ಲ. ಬಿಸಿಲು ಜೋರಿರುವ ಮಧ್ಯಾಹ್ನ ಚಾರ್ಜ್ ಮಾಡಿದರೆ ಇನ್ನೂ ಒಳ್ಳೆಯದು.

ಸುಮಿತ್ರಾ ಮುಖ ಅರಳಿತು. ಮಂಜಪ್ಪ ಮಾತ್ರ ಲೋಟವನ್ನೇ ನೋಡುತ್ತಿದ್ದ.

"ಕಲ್ಲಿದ್ದಲು ಹಾಳಾಗ್ಲಿ ಸರ್. ಆ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಕ್ಲಚ್ಚಿಲ್ಲ. ಎಲ್ರೂ ಅದನ್ನೇ ತಗಂಡ್ರೆ ನಾನು ಗ್ಯಾರೇಜಲ್ಲಿ ಎಂತ ಮಾಡ್ಲಿ?"



"ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ರೀ?" ಎಂದರು ಸುಮಿತ್ರಾ ಮೆಲ್ಲಗೆ. "ಅದಕ್ಕೂ ಟೈರಿದೆ, ಬ್ರೇಕಿದೆ, ಸಸ್ಪೆನ್ಷನ್ ಇದೆ. ಈಗ ಬಂದ ರಸ್ತೆಯ ಗುಂಡಿ ನೋಡಿದ್ರಲ್ಲ. ನಿಮಗೆ ಕೆಲ್ಸ ತಪ್ಪಲ್ಲ."

ಮಂಜಪ್ಪನಿಗೆ ನಗು ತಡೆಯಲಾಗಲಿಲ್ಲ. ಮುಂದೆ ಶಿವಮೊಗ್ಗಕ್ಕೆ ಹೋಗಿ ಎಲೆಕ್ಟ್ರಿಕ್ ವಾಹನ ರಿಪೇರಿಯ ತರಬೇತಿ ಪಡೆದ. ಅವನ ಮೊದಲ ಗಿರಾಕಿ ಹೆಂಡತಿಯೇ.

ಯಂತ್ರಗಳ ನಷ್ಟ ಅಳೆಯುವುದೇ ನನ್ನ ಕಸುಬಾಗಿತ್ತು. ಆ ಭಾನುವಾರದ ನಂತರ, ಯಾರಾದರೂ ಲೆಕ್ಕ ಹಿಡಿದು ಬಂದರೆ, ಅದರ ಉತ್ತರದಿಂದ ನಿಮಗೇನು ನಷ್ಟವಾದೀತೆಂದು ಭಯ ಎಂದು ಮೊದಲು ಕೇಳುತ್ತೇನೆ.