ಬೀರೇಶನ ಮುನ್ನೂರು ರೂಪಾಯಿ ಸಂತೋಷ

ಮೇಟಗಳ್ಳಿಯಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಿದೆ. ಬೀರೇಶ್ ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ತಪಾಸಣೆಯ ಕೆಲಸದಲ್ಲಿದ್ದಾನೆ. ತಯಾರಾಗಿ ಬಂದ ಪ್ರತಿಯೊಂದು ತುಂಡನ್ನೂ ಅಳೆದು, ಸರಿಯಿದ್ದರೆ ಹಸಿರು ತಟ್ಟೆಗೆ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಕೆಂಪು ತಟ್ಟೆಗೆ ಹಾಕುವುದು ಅವನ ಕೆಲಸ. ಮನೆಯಲ್ಲೂ ಅವನು ಹಾಗೆಯೇ. ಹೆಂಡತಿ ಸೌಮ್ಯ ಚಪಾತಿ ಲಟ್ಟಿಸಿ ಕೊಟ್ಟರೆ ಎತ್ತಿ ಬೆಳಕಿಗೆ ಹಿಡಿದು, ಎಡಗಡೆ ಸ್ವಲ್ಪ ದಪ್ಪ ಬಂದಿದೆ ಎಂದು ತಿಳಿಸಿ ತಿನ್ನುತ್ತಿದ್ದ. ಇಂಥ ಲೆಕ್ಕಾಚಾರದ ಮನುಷ್ಯ ನಾಲ್ಕು ಲಕ್ಷ ರೂಪಾಯಿ ಸಾಲದಲ್ಲಿ ಬಿದ್ದದ್ದೂ ಲೆಕ್ಕ ಹಾಕಿಯೇ.

ಒಂದು ಮದುವೆಯಲ್ಲಿ ಊಟಕ್ಕೆ ಕಾಯುತ್ತಾ ನಿಂತಿದ್ದಾಗ ಅವನಿಗೆ ಕಾಲು ನೋವು ಬಂತು. ಸುತ್ತ ನೋಡಿದ. ನಾನೂರು ಜನ ಇದ್ದರು, ಅಂದರೆ ಎಂಟುನೂರು ಕಾಲು. ಇಪ್ಪತ್ತು ರೂಪಾಯಿ ಹಾಕಿದರೆ ಐದು ನಿಮಿಷ ಕಾಲು ಒತ್ತುವ ಮಸಾಜ್ ಕುರ್ಚಿ ಇಟ್ಟರೆ ಹೇಗೆ ಎಂದು ಅಲ್ಲೇ ನಿಂತು ಯೋಚಿಸಿದ. ಬ್ಯಾಂಕಿನಿಂದ ಎರಡು ಲಕ್ಷ ನಲವತ್ತು ಸಾವಿರ, ಅದೇ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಿಂದ ಎಪ್ಪತ್ತು, ಕಾರ್ಖಾನೆಯ ಸೊಸೈಟಿಯಿಂದ ನಲವತ್ತು, ಸೌಮ್ಯಳ ತಮ್ಮ ಕುಮಾರನಿಂದ ಐವತ್ತು ಎತ್ತಿ ಎರಡು ಕುರ್ಚಿ ತಂದು ಒಂದು ಕಲ್ಯಾಣ ಮಂಟಪದ ಪಡಸಾಲೆಯಲ್ಲಿ ಇಟ್ಟ. ಜಾಗಕ್ಕೆ ಒಂದು ವರ್ಷದ ಬಾಡಿಗೆ ಮುಂಗಡ ಕಟ್ಟಿದ.

ಮೊದಲ ದಿನ ಮೊದಲು ಕೂತವರು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಕುರ್ಚಿ ಅವರ ಮೀನಖಂಡಗಳನ್ನು ಹಿಡಿದುಕೊಂಡಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಬಿಡಲಿಲ್ಲ. ಬೀರೇಶ್ ಎಲ್ಲ ಗುಂಡಿಗಳನ್ನೂ ಒತ್ತಿದ. ಅವರ ಬೆನ್ನಿಗೂ ಮಸಾಜ್ ಶುರುವಾಯಿತು. ಪ್ಲಗ್ ಕೀಳಲು ಹೋದರೆ ಅದರ ಮುಂದೆ ಅಡುಗೆಯವರು ಅಕ್ಕಿ ಮೂಟೆಗಳನ್ನು ಒಟ್ಟಿದ್ದರು. ಮೊದಲ ಪಂಕ್ತಿ ಎದ್ದು ಎರಡನೆಯದು ಕೂತಿತು. ಕೊನೆಗೆ ಹೆಡ್‌ಮಾಸ್ಟರಿಗೆ ಕೂತಲ್ಲಿಗೇ ಎಲೆ ತಂದು ಬಡಿಸಿದರು. ಅವರು ನಡುಗುತ್ತಲೇ ಪಾಯಸದವರೆಗೂ ಊಟ ಮಾಡಿದರು. ಕರೆಂಟು ಹೋದ ಮೇಲೆ ಕುರ್ಚಿ ಬಿಟ್ಟಿತು. ಆಮೇಲೆ ಆ ಮಂಟಪದಲ್ಲಿ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಮಾರಿದ ಕಂಪನಿಯವರ ಫೋನು ಅಂದಿನಿಂದ ಇವತ್ತಿನವರೆಗೂ ಸ್ವಿಚ್ ಆಫ್.

ಕಂತುಗಳು ಮಾತ್ರ ತಪ್ಪದೆ ಬಂದವು. ಮೂರು ತಿಂಗಳು ಹೇಗೋ ಕಟ್ಟಿದ. ಕ್ರೆಡಿಟ್ ಕಾರ್ಡಿಗೆ ಪ್ರತಿ ತಿಂಗಳೂ ಅವರು ಕೇಳುವ ಕನಿಷ್ಠ ಮೊತ್ತ ಮಾತ್ರ ಕಟ್ಟಿ, ಬಾಕಿ ಏಕೆ ಇಳಿಯುತ್ತಿಲ್ಲ ಎಂದು ಆಶ್ಚರ್ಯಪಟ್ಟ. ನಾಲ್ಕನೆಯ ತಿಂಗಳಿನಿಂದ ಫೋನು ಬರತೊಡಗಿತು. ರಿಂಗಾದರೆ ಸಾಕು, ಬೀರೇಶನ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಮೊದಲು ರಿಂಗ್‌ಟೋನ್ ಬದಲಾಯಿಸಿ ಹಕ್ಕಿಯ ಚಿಲಿಪಿಲಿ ಹಾಕಿಕೊಂಡ. ಎರಡೇ ದಿನದಲ್ಲಿ ನಿಜವಾದ ಗುಬ್ಬಚ್ಚಿ ಕಂಡರೂ ಬೆವರುವಂತಾಯಿತು. ಆಮೇಲೆ ಕಾರ್ಖಾನೆಯಿಂದ ಬಂದ ಕೂಡಲೇ ಫೋನನ್ನು ಅಕ್ಕಿ ಡಬ್ಬದೊಳಗೆ ಹೂತಿಡಲು ಶುರುಮಾಡಿದ. ಸೌಮ್ಯಳಿಗೆ ಸಾಲದ ಪೂರ್ತಿ ಮೊತ್ತ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದು ಅವನು ತಿಳಿದಿದ್ದ.

ಒಂದು ಸಂಜೆ ಅವಳು ಅಡುಗೆಮನೆಯಿಂದ ಕರೆದಳು. "ರೀ, ಅಕ್ಕಿ ಡಬ್ಬ ನಿಮ್ಮನ್ನ ಕೇಳ್ತಾ ಐತೆ."

ಬೀರೇಶ್ ಬಾಗಿಲಲ್ಲಿ ನಿಂತ. ಡಬ್ಬದಿಂದ ಚಿಲಿಪಿಲಿ ಕೇಳುತ್ತಿತ್ತು.

"ನಿನ್ನೆ ಮೊನ್ನೆಯೆಲ್ಲ ನಾನೇ ಎತ್ತಿದ್ದೀನಿ. ಬ್ಯಾಂಕಿನವರ ಕಡೆ ಹುಡುಗ, ದಿಲೀಪ್ ಅಂತೆ. ಪಾಪ, ಮರ್ಯಾದೆಯಾಗೇ ಮಾತಾಡ್ತಾನೆ. ಎಷ್ಟು ಸಾಲ ಅಂತಾನೂ ಹೇಳ್ದ. ನೀವು ಹೇಳ್ಬೌದಿತ್ತಲ್ವಾ?"

"ನೀನು ಬೈತೀಯಾ ಅಂತ..."

"ಬೈದೇ ಬೈತೀನಿ. ಆದ್ರೆ ಅಕ್ಕಿಯಿಂದ ಕೇಳಿಸ್ಕೊಂಡು ಬೈಯೋ ಹಂಗೆ ಮಾಡ್ಬುಟ್ರಲ್ಲ ಕಣ್ರೀ."

ಬೈದಳು. ಸೀರೆಗೆ ಕುಚ್ಚು ಹಾಕುತ್ತಾ ಕೂತು ಬೈದದ್ದರಿಂದ ಅದು ಒಂದೂವರೆ ಸೀರೆಯಷ್ಟು ಉದ್ದವಾಯಿತು. ಅದು ಮುಗಿದಾಗ ಬೀರೇಶನಿಗೆ ತಿಂಗಳುಗಳ ನಂತರ ಮೊದಲ ಬಾರಿ ಹಸಿವಾಯಿತು.

ಆದರೆ ಮರುದಿನದಿಂದ ಅವನು ಇನ್ನೊಂದು ತುದಿಗೆ ಹೋದ. ಕಾಫಿ ಬಿಟ್ಟ. ಪೇಪರು ನಿಲ್ಲಿಸಿದ. ಕ್ಷೌರಕ್ಕೆ ಹೋಗದೆ ಸೌಮ್ಯಳ ಕತ್ತರಿಗೆ ತಲೆ ಕೊಟ್ಟ. ಅವಳಿಗೆ ಕುಚ್ಚು ಕತ್ತರಿಸಿ ಅಭ್ಯಾಸವಿದ್ದದ್ದರಿಂದ ಹಣೆಯ ಮೇಲಿನ ಕೂದಲು ಸಾಲಾಗಿ ತೂಗುವ ಹಾಗೆ ಬಂತು. ಮಧ್ಯಾಹ್ನದ ಊಟ ಅರ್ಧ ಮಾಡಿದ. ನಿದ್ದೆ ಖರ್ಚಿಲ್ಲದ್ದು, ಆದರೂ ಅದೂ ಹೋಯಿತು. ಒಂದು ದಿನ ನಿದ್ದೆಗಣ್ಣಿನಲ್ಲಿ, ಸರಿಯಾಗಿದ್ದ ಮುನ್ನೂರ ಹನ್ನೆರಡು ತುಂಡುಗಳನ್ನು ಕೆಂಪು ತಟ್ಟೆಗೆ ಹಾಕಿಬಿಟ್ಟ. ಸೂಪರ್‌ವೈಸರ್ ಅವನನ್ನು ಕಾರ್ಖಾನೆಯ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಪರೀಕ್ಷಿಸಿ, ಹೃದಯ ಗಟ್ಟಿಯಾಗಿದೆ, ಬಿ.ಪಿ. ಮಾತ್ರ ಹೆಚ್ಚು, ಮೊದಲು ಸಾಲಕ್ಕೊಂದು ದಾರಿ ಮಾಡಿಕೊಳ್ಳಿ ಎಂದು ಒಂದು ವಿಳಾಸ ಬರೆದುಕೊಟ್ಟರು.

ಆ ವಿಳಾಸ ಲಕ್ಷ್ಮೀಪುರಂನ ಒಂದು ಹಳೆಯ ಮನೆಯ ಮಹಡಿಯದು. ಸಾಲದಲ್ಲಿರುವವರಿಗೆ ಉಚಿತವಾಗಿ ಸಲಹೆ ಕೊಡುವ ಕೇಂದ್ರ. ಬಿಂದುಶ್ರೀ ಎಂಬ, ಮೂವತ್ತು ದಾಟದ ಹೆಣ್ಣುಮಗಳು ಅಲ್ಲಿ ಕೂತಿದ್ದಳು. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಎಲ್ಲ ಕಾಗದಗಳನ್ನೂ ಓದಿ, ಒಂದು ಹಾಳೆಯ ಮೇಲೆ ಬರೆದಳು. ಕ್ರೆಡಿಟ್ ಕಾರ್ಡಿನ ಬಡ್ಡಿಯೇ ಎಲ್ಲಕ್ಕಿಂತ ಹೆಚ್ಚು, ಅದನ್ನು ಮೊದಲು ಮುಗಿಸುವುದು. ಬ್ಯಾಂಕಿಗೆ ಖುದ್ದಾಗಿ ಹೋಗಿ ಕಂತು ಚಿಕ್ಕದು ಮಾಡಿ ಅವಧಿ ಹೆಚ್ಚಿಸಲು ಕೇಳುವುದು. ಕುಮಾರನ ದುಡ್ಡು ಕೊನೆಗೆ ಎಂದು ಅವನಿಗೆ ನೇರವಾಗಿ ಹೇಳುವುದು. ಕುರ್ಚಿಗಳನ್ನು ಬಂದಷ್ಟಕ್ಕೆ ಮಾರುವುದು. ಫೋನು ಎತ್ತುವುದು. ಕಾಫಿ ಕುಡಿಯುವುದು.

ಹಾಳೆಯ ಕೊನೆಗೆ ಅವಳು ಇನ್ನೊಂದು ಸಾಲು ಸೇರಿಸಿದಳು: ಸಂತೋಷ, ಮುನ್ನೂರು ರೂಪಾಯಿ.

"ಇದು ಏನು ಮೇಡಂ?" ಎಂದ ಬೀರೇಶ್.

"ನಿಮ್ಮ ಖುಷಿಗೆ ಬೀರೇಶ್ ಅವ್ರೇ. ಪ್ರತಿ ತಿಂಗಳು ಇಷ್ಟು ಖರ್ಚು ಮಾಡ್ಬೇಕು."

"ಇದನ್ನೂ ಕಾರ್ಡಿಗೆ ಕಟ್ಟಿಬಿಟ್ರೆ ಬೇಗ ಮುಗಿಯುತ್ತಲ್ಲ?"

"ಬೇಡ. ಹೀಗೆ ಎಲ್ಲಾ ಬಿಟ್ಟು ನಾಲ್ಕು ತಿಂಗಳು ಕಟ್ಟೋರು ಐದನೇ ತಿಂಗಳು ಬೇಸತ್ತು ದೊಡ್ಡ ಟಿ.ವಿ. ತಂದುಬಿಡ್ತಾರೆ. ನಾನು ನೋಡಿದ್ದೀನಿ. ಮುಂದಿನ ತಿಂಗಳು ಬಂದು ಏನು ಮಾಡಿದ್ರಿ ಅಂತ ಹೇಳ್ಬೇಕು."

ಬೀರೇಶ್ ಗಂಭೀರನಾದ. ಇಷ್ಟು ವರ್ಷಗಳಲ್ಲಿ ಸಂತೋಷಕ್ಕೆ ಎಂದು ಅವನಿಗೆ ಯಾರೂ ಕೊನೆಯ ದಿನಾಂಕ ಕೊಟ್ಟಿರಲಿಲ್ಲ.

ಉಳಿದದ್ದೆಲ್ಲ ಸಲೀಸಾಗಿ ನಡೆಯಿತು. ಬ್ಯಾಂಕಿನ ಮ್ಯಾನೇಜರು ಅರ್ಜಿ ತೆಗೆದುಕೊಂಡು ಕಂತು ಇಳಿಸಿದರು. ಒಂದು ಕುರ್ಚಿಯನ್ನು ಹೆಬ್ಬಾಳದ ಕ್ಷೌರದಂಗಡಿಯವನು ಹದಿನೆಂಟು ಸಾವಿರಕ್ಕೆ ಕೊಂಡ. ಗಿರಾಕಿ ಮಧ್ಯದಲ್ಲಿ ಎದ್ದು ಹೋಗದಿರುವುದು ಅವನಿಗೆ ಅನುಕೂಲವೇ ಆಗಿತ್ತು. ಇನ್ನೊಂದನ್ನು ಕುಮಾರ ತನ್ನ ಐವತ್ತರಲ್ಲಿ ಇಪ್ಪತ್ತು ಸಾವಿರ ಮುರಿದುಕೊಂಡು ಒಯ್ದ. ತೊಂದರೆ ಆದದ್ದು ಮುನ್ನೂರು ರೂಪಾಯಿಯಲ್ಲಿ.

ಮೊದಲ ತಿಂಗಳು ರಜೆ ಹಾಕಿ ಮೃಗಾಲಯಕ್ಕೆ ಹೋದ. ಅಂದು ಮಂಗಳವಾರ, ಬಾಗಿಲು ಹಾಕಿತ್ತು. ಗೇಟಿನ ಹತ್ತಿರ ನಿಂತು ಒಳಗಿನ ಆನೆಯ ಕೂಗು ಸ್ವಲ್ಪ ಕೇಳಿಸಿಕೊಂಡು ಬಂದ. ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಮೊಣಕಾಲಿಗೆ ಹಾಕುವ ಪಟ್ಟಿ ಕೊಂಡು, ರಶೀದಿಯನ್ನು ಜೋಪಾನವಾಗಿ ತಂದು ಬಿಂದುಶ್ರೀಯ ಮುಂದಿಟ್ಟ.

"ಇದು ಸಂತೋಷನಾ?"

"ನೋವು ಕಮ್ಮಿ ಆಯ್ತು ಮೇಡಂ."

"ಇದು ಔಷಧಿ ಲೆಕ್ಕಕ್ಕೆ ಹೋಗುತ್ತೆ. ಮತ್ತೆ ಪ್ರಯತ್ನ ಮಾಡಿ."

ಎರಡನೆಯ ತಿಂಗಳು, ದೋಸೆ ಎಂದರೆ ಇಷ್ಟವಲ್ಲವೇ ಎಂದು ಸೌಮ್ಯ ನೆನಪಿಸಿದಳು. ಬೀರೇಶ್ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದ. ಬಹಳ ಚೆನ್ನಾಗಿತ್ತು. ಆದರೆ ಎಪ್ಪತ್ತೇ ರೂಪಾಯಿ ಆಯಿತು. ಮುನ್ನೂರು ಮುಗಿಯಬೇಕಲ್ಲ ಎಂದು ಇನ್ನೊಂದು ಹೇಳಿದ. ಮೂರನೆಯದು ಕರ್ತವ್ಯದಂತೆ ಇಳಿಯಿತು. ನಾಲ್ಕನೆಯದನ್ನು ಸಪ್ಲೈಯರನ ಬೆಂಬಲದಿಂದ ಮುಗಿಸಿದ. ಉಳಿದ ಇಪ್ಪತ್ತು ರೂಪಾಯಿಗೆ ಸೋಡಾ ಕುಡಿದು, ಎಡಮಗ್ಗುಲಿಗೆ ಮಲಗಲಾರದೆ ಬೆಳಗು ಮಾಡಿದ.

"ಮೊದಲನೇ ದೋಸೆಗೆ ನಿಲ್ಲಿಸಿದ್ರೆ ಆಗ್ತಿತ್ತಲ್ವಾ?" ಎಂದಳು ಬಿಂದುಶ್ರೀ.

"ಗುರಿ ತಲುಪ್ಬೇಕಿತ್ತಲ್ಲ ಮೇಡಂ."

ಆ ದಿನ ಮಹಡಿಯಿಳಿದು ಬರುವಾಗ ಅವನಿಗೆ ತನ್ನ ಮೇಲೆ ಬೇಸರ ಬಂದಿತ್ತು. ಸಾಲ ಇಳಿಯುತ್ತಿತ್ತು, ಆದರೆ ಸಂತೋಷದಲ್ಲಿ ಎರಡು ಸಲ ಫೇಲಾಗಿದ್ದ. ಬಸ್ಸು ಹಿಡಿಯಲು ಒಂದು ಗಲ್ಲಿಯಲ್ಲಿ ಹಾದುಹೋಗುವಾಗ ಕೆಂಪು ಕೋಟುಗಳನ್ನು ಬಿಸಿಲಿಗೆ ಹಾಕಿದ್ದ ಅಂಗಡಿಯೊಂದು ಕಂಡಿತು. ಮದುವೆ ಮೆರವಣಿಗೆಗಳಿಗೆ ಬ್ಯಾಂಡ್‌ಸೆಟ್ ಕೊಡುವ ರಾಮಯ್ಯನ ಅಂಗಡಿ. ಎಪ್ಪತ್ತು ಮುಟ್ಟಿದ ರಾಮಯ್ಯ ಹೊಸ್ತಿಲಲ್ಲಿ ಕೂತು ಹುಣಿಸೆಹಣ್ಣು ಹಚ್ಚಿ ಟ್ರಂಪೆಟ್ ತಿಕ್ಕುತ್ತಿದ್ದ. ಅದರ ಕೊಳವೆಯ ದುಂಡು ನೋಡಿ ಬೀರೇಶನ ಕಾಲು ನಿಂತಿತು. ಎಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

"ಏನಪ್ಪ, ಮದುವೆನಾ?" ಎಂದ ರಾಮಯ್ಯ.

"ಅಲ್ಲ. ಇದನ್ನ ಕಲಿಯೋಕೆ ಎಷ್ಟಾಗುತ್ತೆ?"

ರಾಮಯ್ಯ ಅವನ ಹಣೆಯ ಮೇಲಿನ ಕುಚ್ಚನ್ನು ನೋಡಿ ಸ್ವಲ್ಪ ಯೋಚಿಸಿದ. "ವಾರಕ್ಕೊಂದು ದಿನ ಬಾ. ತಿಂಗಳಿಗೆ ಮುನ್ನೂರು ಕೊಡು."

ಮೊದಲ ಪಾಠದಲ್ಲಿ ಬೀರೇಶ್ ಕೆನ್ನೆ ಉಬ್ಬಿಸಿ ಊದಿದ. ಗಾಳಿ ಬಿಟ್ಟರೆ ಏನೂ ಬರಲಿಲ್ಲ. "ಅಂಗಲ್ಲ ಕಣಯ್ಯ," ಎಂದ ರಾಮಯ್ಯ. "ಕೆನ್ನೇಲಿ ಏನೈತೆ? ಒಟ್ಟೆ ತುಂಬ ಉಸಿರು ತಕ್ಕೋ. ತುಟಿ ಬಿಗಿ ಹಿಡಿ. ಈಗ ಬುಡು ನಿಧಾನಕ್ಕೆ." ಹತ್ತನೆಯ ಸಲಕ್ಕೆ ಅದರೊಳಗಿಂದ ಒಂದು ಸದ್ದು ಬಂತು. ಎಮ್ಮೆ ಕೆಸರಿನಲ್ಲಿ ಕಾಲು ಸಿಕ್ಕಿಸಿಕೊಂಡ ಹಾಗಿತ್ತು. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಬೀರೇಶ್ ಮಾತ್ರ ಕಣ್ಣರಳಿಸಿ ನಿಂತ. ಬೇರೆಯವರು ಮಾಡಿದ್ದನ್ನು ಇಷ್ಟು ವರ್ಷ ಅಳೆದಿದ್ದನೇ ಹೊರತು ಅವನು ತಾನಾಗಿ ಏನನ್ನೂ ಹೊರಡಿಸಿದವನಲ್ಲ.

ಆ ತಿಂಗಳು ಬಿಂದುಶ್ರೀ ಹಾಳೆಯ ಮೇಲೆ ಏನೂ ಕೇಳದೆ ಸರಿ ಗುರುತು ಹಾಕಿದಳು. ಅವನ ಮುಖ ನೋಡಿದ್ದಳು, ಅಷ್ಟೇ.

ಹಳೆಯ ಟ್ರಂಪೆಟ್ ಒಂದನ್ನು ರಾಮಯ್ಯ ಮನೆಗೂ ಕೊಟ್ಟ. ಬೀರೇಶ್ ಸಂಜೆ ಕೆಲಸದಿಂದ ಬಂದು, ಕಾಫಿ ಕುಡಿದು, ಮನೆಯ ತಾರಸಿಯ ಮೇಲೆ ಅರ್ಧ ಗಂಟೆ ಊದುತ್ತಿದ್ದ. ಕೆಳಗಿನ ಮನೆಯ ಸೋಮಮ್ಮ ಮೊದಲ ವಾರ ಹತ್ತಿ ಬಂದು, "ಯಾರಿಗೆ ಏನಾಯ್ತಪ್ಪ?" ಎಂದು ಗಾಬರಿಯಿಂದ ಕೇಳಿದರು. ಎರಡನೆಯ ವಾರ ಕಿವಿಗೆ ಹತ್ತಿ ಇಟ್ಟುಕೊಂಡರು. ಮೂರನೆಯ ವಾರ ಅವರ ಮನೆಯ ಮುಂದಿನ ಬೀದಿನಾಯಿಗಳೆಲ್ಲ ಬೇರೆ ಬೀದಿಗೆ ಹೋದದ್ದರಿಂದ ಸಮಾಧಾನವಾದರು.

ಹೀಗೆ ಊದುತ್ತಿದ್ದಾಗಲೇ ಒಂದು ಸಂಜೆ ಫೋನು ಬಂತು. ಆ ತಿಂಗಳ ಕಾರ್ಡಿನ ಕಂತು ಎರಡು ದಿನ ತಡವಾಗಿತ್ತು. ಬೀರೇಶ್ ಊದುವುದನ್ನು ನಿಲ್ಲಿಸದೆಯೇ ಫೋನೆತ್ತಿದ.

"ಸರ್, ನಾನು ದಿಲೀಪ್. ಪೇಮೆಂಟ್ ವಿಷಯ... ಸರ್, ಅದೇನ್ ಸರ್ ಸದ್ದು?"

"ಸಂತೋಷ," ಎಂದ ಬೀರೇಶ್. "ನಾಡಿದ್ದು ಸಂಬಳ ಆಗುತ್ತೆ, ಅವತ್ತೇ ಕಟ್ತೀನಿ."

"ಆಯ್ತು ಸರ್, ಬರ್ಕೊಂಡೆ. ಸರ್, ಬೆಳಿಗ್ಗೆಯಿಂದ ನೂರಾ ನಲವತ್ತು ಜನಕ್ಕೆ ಫೋನ್ ಮಾಡಿದ್ದೀನಿ. ಎಲ್ರೂ ಬೈದ್ರು. ಇನ್ನೊಂದ್ಸಲ ಊದ್ತೀರಾ?"

ಬೀರೇಶ್ ಊದಿದ. ದಿಲೀಪ್ ನಗುವುದಕ್ಕೆ ಶುರುಮಾಡಿ, ಕ್ಷಮಿಸಿ ಸರ್ ಎನ್ನುತ್ತಲೇ ನಗುತ್ತಾ ಫೋನಿಟ್ಟ. ತನ್ನ ಎದೆ ಹೊಡೆದುಕೊಳ್ಳಲಿಲ್ಲ ಎಂಬುದು ಬೀರೇಶನ ಗಮನಕ್ಕೆ ಬಂದದ್ದು ಆಮೇಲೆ. ಹೇಳಿದ ದಿನವೇ ಸಂಬಳದಿಂದ ಕಂತು ಕಟ್ಟಿ, ತಾನೇ ಫೋನ್ ಮಾಡಿ ತಿಳಿಸಿದ. ಸಾಲಗಾರನೇ ಫೋನ್ ಮಾಡಿದ್ದು ಇದೇ ಮೊದಲು ಎಂದು ದಿಲೀಪ್ ಪಕ್ಕದವರಿಗೆಲ್ಲ ಹೇಳುವುದು ಕೇಳಿಸಿತು.

ಸುಲಭವಾಗಿ ಮುಗಿಯಿತು ಎಂದಲ್ಲ. ಒಂದು ಮಳೆಗಾಲದಲ್ಲಿ ಸೌಮ್ಯಳಿಗೆ ಡೆಂಗಿಯಾಗಿ ಎರಡು ತಿಂಗಳ ಲೆಕ್ಕ ತಲೆಕೆಳಗಾಯಿತು. ಆಗ ಬೀರೇಶ್ ಟ್ರಂಪೆಟ್ ಪಾಠ ನಿಲ್ಲಿಸಲು ಹೊರಟಾಗ, ಹಾಸಿಗೆಯಲ್ಲಿದ್ದ ಅವಳೇ ತಡೆದಳು. "ಹೋಗ್ರೀ. ನೀವು ಮನೇಲಿ ಕೂತು ನನ್ನ ಜ್ವರ ಗಳಿಗೆಗೊಂದ್ಸಲ ಅಳೀತಾ ಇದ್ರೆ ನಾನು ಎದ್ದೇಳೋದೇ ಇಲ್ಲ." ಕಾರ್ಡು ಹದಿನಾಲ್ಕನೆಯ ತಿಂಗಳಿಗೆ ತೀರಿತು. ಸೌಮ್ಯ ಅದನ್ನು ಕುಚ್ಚಿನ ಕತ್ತರಿಯಿಂದ ಎಂಟು ತುಂಡು ಮಾಡಿದಳು. ಆಮೇಲೆ ಸೊಸೈಟಿ, ಬ್ಯಾಂಕು, ಕೊನೆಗೆ ಕುಮಾರ. ಒಟ್ಟು ಮೂರು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಬಾಕಿಯಿಲ್ಲ ಎಂಬ ಪತ್ರ ಕೈಗೆ ಬಂದ ದಿನ ಬ್ಯಾಂಕಿನ ಮೆಟ್ಟಿಲ ಮೇಲೆ ಇಬ್ಬರೂ ಕೂತು, ಅದರಲ್ಲಿ ಬೀರೇಶ್ ಎಂಬ ಹೆಸರಿನ ಕಾಗುಣಿತ ತಪ್ಪಿದೆ ಎಂದು ಕಂಡುಹಿಡಿದು, ಒಳಗೆ ಹೋಗಿ ತಿದ್ದಿಸಿಕೊಂಡು ಬಂದರು. ಡಾಕ್ಟರು ಬಿ.ಪಿ. ನೋಡಿ, ಉಸಿರಾಟ ಬಹಳ ಚೆನ್ನಾಗಿದೆ, ಯೋಗ ಮಾಡುತ್ತೀರಾ ಎಂದು ಕೇಳಿದರು.

ಅದೇ ವಾರದ ಭಾನುವಾರ ರಾಮಯ್ಯನ ತಂಡದಲ್ಲಿ ಒಬ್ಬ ಕಡಿಮೆ ಬಿದ್ದ. ಬೀರೇಶನಿಗೆ ಕೆಂಪು ಕೋಟು, ಜರಿಯ ಟೋಪಿ ತೊಡಿಸಿದರು.

"ನೋಡಪ್ಪ," ಎಂದ ರಾಮಯ್ಯ ಮೆಲ್ಲಗೆ. "ನೀನು ಸಾಲಿನಲ್ಲಿ ನಿಂತ್ಕೊಂಡು ಊದೋ ಅಂಗೆ ಮಾಡು. ಊದ್ಬ್ಯಾಡ. ಐನೂರು ಕೊಡ್ತೀನಿ."

"ಒಂದೇ ಒಂದು ಸಲ, ಮಾಸ್ಟ್ರೇ?"

"ಮದುವೆ ಆಗ್ಲಿ ಅಂತ ಇಲ್ವಾ ನಿಂಗೆ?"

ಮೆರವಣಿಗೆ ಅಗ್ರಹಾರದ ಕಡೆಯಿಂದ ಹೊರಟಿತು. ಬೀರೇಶ್ ಹೊಟ್ಟೆ ತುಂಬ ಉಸಿರು ತೆಗೆದುಕೊಂಡು, ಕಣ್ಣು ಮುಚ್ಚಿ, ಹುಬ್ಬೇರಿಸಿ, ಬೆರಳಾಡಿಸುತ್ತಾ, ಒಂದು ಚೂರೂ ಸದ್ದು ಮಾಡದೆ ಒಂದು ಗಂಟೆ ನುಡಿಸಿದ. ಪಕ್ಕದಲ್ಲಿ ನಿಜವಾಗಿ ಊದುತ್ತಿದ್ದವರು ಬೆವತು ಸುಸ್ತಾಗಿದ್ದರು. ಫುಟ್‌ಪಾತಿನಲ್ಲಿ ಸೌಮ್ಯ ಸೆರಗು ಬಾಯಿಗೆ ಒತ್ತಿಕೊಂಡು ಜೊತೆಜೊತೆಗೆ ನಡೆದು ಬಂದಳು. ಮಂಟಪದ ಬಾಗಿಲಲ್ಲಿ ಹೆಣ್ಣಿನ ತಂದೆ ಬಂದು ತಂಡದವರನ್ನೆಲ್ಲ ಒಮ್ಮೆ ನೋಡಿ, ನೇರವಾಗಿ ಬೀರೇಶನ ಹತ್ತಿರ ಹೋಗಿ, ಅವನ ಜೇಬಿಗೆ ಇನ್ನೂರು ರೂಪಾಯಿ ಇಟ್ಟರು.

"ಎಲ್ರೂ ಊದಿದ್ರು," ಎಂದರು ಅವರು, "ಆದ್ರೆ ನೀವು ಮನಸಿಟ್ಟು ಊದಿದ್ರಿ."