ತೊಟ್ಟಿಲ ಎಲೆ-ಅಡಿಕೆ ಮತ್ತು ಡೆನ್ಮಾರ್ಕಿನ ವೀಸಾ

ಶ್ರೀರಂಗಪಟ್ಟಣದಲ್ಲಿ ಬೆಳಗಿನ ಪಾಂಡವಪುರದ ಬಸ್ಸು ಹತ್ತಿದಾಗ ನಾವು ಮೂವರಿದ್ದೆವು: ನಾನು, ನನ್ನ ಅಕ್ಕ ಜಯಲಕ್ಷ್ಮಿ, ಅಕ್ಕ ಮದುವೆಯಾಗಲಿದ್ದ ಯೆನ್ಸ್. ಯೆನ್ಸ್ ಡೆನ್ಮಾರ್ಕಿನವನು. ಅಕ್ಕ ಗುಮಾಸ್ತೆಯಾಗಿದ್ದ ಹಾಲಿನ ಡೇರಿಗೆ ಯಂತ್ರ ಜೋಡಿಸಲು ಬಂದು, ಎರಡು ವರ್ಷದಲ್ಲಿ ಸಾಕಷ್ಟು ಕನ್ನಡ ಕಲಿತಿದ್ದ. ಅವನ ಎತ್ತರ ನೋಡಿದ ಕಂಡಕ್ಟರು, ಟಿಕೆಟ್ ಹರಿಯುವ ಮೊದಲು ತಲೆ ಜೋಪಾನ ಎಂದು ಹೇಳಿದ.

ನಾವು ಹೊರಟಿದ್ದು ಒಂದು ಕಾಗದಕ್ಕಾಗಿ. ಅಕ್ಕನಿಗೆ ಈವರೆಗೆ ಮದುವೆಯಾಗಿಲ್ಲ ಎಂದು ತಹಸೀಲ್ದಾರರು ಸಹಿ ಹಾಕಿದ ದೃಢೀಕರಣ ಪತ್ರ. ಅದಿಲ್ಲದೆ ಯೆನ್ಸನ ದೇಶದವರು ಈ ಮದುವೆಯನ್ನು ಒಪ್ಪುವುದಿಲ್ಲ, ವೀಸಾ ಕೊಡುವುದಿಲ್ಲ. ದಿಲ್ಲಿಯ ರಾಯಭಾರ ಕಚೇರಿಗೆ ಎಸ್‌ಟಿಡಿ ಬೂತಿನಿಂದ ಎಷ್ಟು ಸಲ ಫೋನು ಮಾಡಿದರೂ ಅದೇ ಉತ್ತರ. ಯೆನ್ಸನ ಕೆಲಸ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಕಾಗದ ಬಾರದಿದ್ದರೆ ಅವನೊಬ್ಬನೇ ವಿಮಾನ ಹತ್ತಬೇಕು.

ಅಕ್ಕ ಹುಟ್ಟಿ, ಓದಿ, ಬೆಳೆದದ್ದು ದೇವಲಾಪುರದ ಪಕ್ಕದ ಅಜ್ಜಿಯ ಊರಲ್ಲಿ. ಆದ್ದರಿಂದ ಪತ್ರ ನಾಗಮಂಗಲ ತಾಲ್ಲೂಕಿನಿಂದ ಬರಬೇಕಿತ್ತು. ಬಂದದ್ದು ಪತ್ರವಲ್ಲ, ತಕರಾರು. ಊರಿನಲ್ಲಿ ವಿಚಾರಿಸಲಾಗಿ, ಹುಡುಗಿಯನ್ನು ಸೋದರಮಾವನಿಗೆ ಕೊಟ್ಟಿದೆಯೆಂದು ನೆರೆಯವರು ತಿಳಿಸಿರುತ್ತಾರೆ, ಎಂದು ಗ್ರಾಮ ಲೆಕ್ಕಿಗರು ವರದಿ ಬರೆದಿದ್ದರು.

ಸೋದರಮಾವನೆಂದರೆ ಅಮ್ಮನ ತಮ್ಮ ಪುಟ್ಟಸ್ವಾಮಿ. ತೊಣ್ಣೂರಿನ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತವನು. ಇಬ್ಬರು ಮಕ್ಕಳಿದ್ದಾರೆ. ನಾನು ಮೈಸೂರಿನಲ್ಲಿ ಕಾನೂನು ಓದುತ್ತಿದ್ದೆ, ಚರ್ಚಾ ಸ್ಪರ್ಧೆಗಳ ಫಲಕಗಳು ನಮ್ಮ ಮನೆಯ ಗೂಡಿನಲ್ಲಿ ಹಿಡಿಸುತ್ತಿರಲಿಲ್ಲ. ಹೆಂಡತಿ ಮಕ್ಕಳಿರುವ ಮನುಷ್ಯನನ್ನು ಕಣ್ಣೆದುರು ನಿಲ್ಲಿಸಿದರೆ ವಾದ ಅಲ್ಲಿಗೇ ಮುಗಿಯುತ್ತದೆ ಎಂದು ಅಕ್ಕನಿಗೆ ಧೈರ್ಯ ಹೇಳಿದ್ದೆ.

ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತ ಪಾಂಡವಪುರ ತಲುಪಿದೆವು. ಮಾವ ಮಡಿಪಂಚೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ನಿಲ್ದಾಣದಲ್ಲಿ ನಿಂತಿದ್ದ. ಅಕ್ಕನನ್ನು ಕಂಡದ್ದೇ ಎಂದಿನ ವರಸೆ ತೆಗೆದ.

"ಏನಮ್ಮಿ ಎಂಡ್ತಿ, ಸಂದಾಗಿದ್ದೀಯಾ?"

"ಮಾವ, ಇವತ್ತೊಂದಿನ ಬಾಯಿ ಮುಚ್ಕೊಂಡಿರು. ನಿನ್ನ ಈ ಮಾತಿಂದ್ಲೇ ಇಷ್ಟೆಲ್ಲ ಆಗಿರೋದು," ಎಂದಳು ಅಕ್ಕ.

ಮಾವ ನಕ್ಕು ಯೆನ್ಸನ ಕೈಚೀಲ ಇಸಿದುಕೊಂಡ. ಅಲ್ಲಿಂದ ಕೆ.ಆರ್. ಪೇಟೆಗೆ ಇನ್ನೊಂದು ಬಸ್ಸು. ನೇರ ನಾಗಮಂಗಲಕ್ಕೆ ಹೋಗಬಹುದಿತ್ತು, ಆದರೆ ಅಮ್ಮನ ಪ್ರಮಾಣ ಪತ್ರ ಬೇಕಿತ್ತು. ಸಿಂಧಘಟ್ಟದಿಂದ ಬಂದಿದ್ದ ಅಮ್ಮ ನೋಟರಿಯ ಮುಂದೆ ಸಹಿ ಮಾಡಿ ಕಾಗದ ಹಿಡಿದು ಕಾದಿದ್ದಳು. ಹೋಟೆಲಿನಲ್ಲಿ ಎಲ್ಲರೂ ಬಿಸಿ ಇಡ್ಲಿ ತಿಂದೆವು. ಹೊರಡುವಾಗ ಅಮ್ಮ ನನ್ನ ಕೈಗೊಂದು ಬಟ್ಟೆ ಚೀಲ ಕೊಟ್ಟಳು. ಒಳಗೆ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ತಹಸೀಲ್ದಾರರು ಎಲೆ-ಅಡಿಕೆ ಹಾಕುತ್ತಾರೋ ಇಲ್ಲವೋ ಎಂದು ನಾನು ಕೊಂಕು ನುಡಿದೆ. ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ ಮಾವನ್ನ ಯಾರಾದ್ರೂ ಒಂದು ಮಾತು ಕೇಳುದ್ರಾ?" ಎಂದಳು. ಅವನು ನಮ್ಮ ಜೊತೆಯಲ್ಲೇ ಬರುತ್ತಿದ್ದಾನಲ್ಲ, ಇನ್ನೇನು ಕೇಳುವುದು ಎಂದೆ. ಅಮ್ಮ ಚೀಲದ ಬಾಯಿ ಬಿಗಿದು ನನ್ನ ಹೆಗಲಿಗೆ ಹಾಕಿದಳು.

ನಾಗಮಂಗಲದ ಕಡೆಗೆ ಹೋದಂತೆ ನಾಲೆಯ ಹಸಿರು ಹಿಂದೆ ಉಳಿಯಿತು. ಕೊಯ್ದ ರಾಗಿ ಹೊಲಗಳ ಕೂಳೆ, ರಸ್ತೆಯಂಚಿನ ಹುಣಸೆ ಮರಗಳು, ಫೆಬ್ರವರಿಯಲ್ಲೇ ಮುಖಕ್ಕೆ ಬಡಿಯುವ ಬಿಸಿಗಾಳಿ. ನಾಗಮಂಗಲದಲ್ಲಿ ಬಸ್ಸು ಬದಲಿಸಿ ದೇವಲಾಪುರಕ್ಕೆ ಹೋದೆವು. ಅಲ್ಲಿಂದ ಅಜ್ಜಿಯ ಊರಿಗೆ ನಡಿಗೆ.

ಗ್ರಾಮ ಲೆಕ್ಕಿಗರು ಅರಳಿಕಟ್ಟೆಯ ಮೇಲೆ ಕೂತಿದ್ದರು. ಸಾಧು ಮನುಷ್ಯ. ನಾನು ಅವರ ಮುಂದೆ ನಿಂತು ಒಂದೊಂದಾಗಿ ಮಂಡಿಸಿದೆ. ಮದುವೆ ಆಗಿದ್ದರೆ ಛತ್ರವೋ ಚಪ್ಪರವೋ ಇರಬೇಕಿತ್ತು, ತಾಳಿ ಕಟ್ಟಿದ್ದನ್ನು ಕಂಡವರಿರಬೇಕಿತ್ತು. ಮಾವನಿಗೆ ಬೇರೆ ಹೆಂಡತಿ ಇದ್ದಾಳೆ. ಅವರು ತಾಳ್ಮೆಯಿಂದ ಕೇಳಿದರು. ಒಬ್ಬಳು ಹೆಂಡತಿ ಇದ್ದ ಮಾತ್ರಕ್ಕೆ ಇನ್ನೊಬ್ಬಳು ಇಲ್ಲವೆಂದು ಹೇಗೆ ಬರೆಯಲಿ ಎಂದು ಅವರು ಕೇಳಿದಾಗ, ಎದುರು ತಂಡದವರು ಇಂಥ ಮಾತಾಡಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ ಎನ್ನಿಸಿತು. ಊರಿನವರು ಮದುವೆ ಆಗಿಲ್ಲವೆಂದರೆ ಈಗಲೇ ಹೊಸ ವರದಿ ಬರೆದುಕೊಡುವುದಾಗಿ ಹೇಳಿ, ಮೊದಲ ಹೇಳಿಕೆ ಕೊಟ್ಟಿದ್ದ ಕೆಂಪಮ್ಮನನ್ನು ಕರೆಸಿದರು.

ಕೆಂಪಮ್ಮ ಅಜ್ಜಿಯ ಪಕ್ಕದ ಮನೆಯವಳು, ಅಕ್ಕನನ್ನು ಎತ್ತಿ ಆಡಿಸಿದವಳು. ಬಂದವಳೇ ಅಕ್ಕನ ಕೆನ್ನೆ ಸವರಿ ಕಟ್ಟೆಯ ಮೇಲೆ ಕೂತಳು. ಹೇಳಿಕೆ ಮಾತ್ರ ಬದಲಿಸಲಿಲ್ಲ.

"ಎಸರಿಡೋ ದಿನ ತೊಟ್ಲಿಗೆ ಎಲೆ-ಅಡ್ಕೆ ಇಟ್ಟು, ಈ ಮಗ ಪುಟ್ಟುಂಗೆ ಅಂತ ಅಂದೋರಲ್ಲಿ ನಾನೂ ಒಬ್ಳು. ಅದ ತಗುದೋರು ಯಾರು?"

ಅವನೇ ಬೇರೆ ಮದುವೆ ಮಾಡಿಕೊಂಡ ಮೇಲೆ ಆ ಮಾತು ಬಿದ್ದುಹೋಯಿತಲ್ಲ ಎಂದು ನಾನು ವಾದಿಸಿದೆ.

"ಒಸಿ ತಡಿ ಲಾಯರಮ್ಮ. ಇವ್ಳು ಓದ್ತಾವ್ಳೆ, ಒಲ್ಲೆ ಅಂತಾವ್ಳೆ ಅಂತ ನೀವ್ ನೀವೇ ಮಾತಾಡ್ಕಂಡು ಅವನಿಗೆ ತೊಣ್ಣೂರಲ್ಲಿ ಎಣ್ಣು ತಂದ್ರಿ. ಅವನು ಬಾಯ್ಬುಟ್ಟು ಬುಟ್ಟೆ ಅಂದವ್ನಾ? ಅನ್ಸಿದ್ದೀರಾ?"

ಎಲ್ಲರೂ ಮಾವನ ಕಡೆ ತಿರುಗಿದರು. ಸದಾ ನಗುವ ಮನುಷ್ಯ ನೆಲ ನೋಡುತ್ತ ನಿಂತಿದ್ದ. ತೊಟ್ಟಿಲಲ್ಲೇ ಮಗುವಿಗೆ ಮದುವೆ ಗೊತ್ತುಮಾಡುವ ಪದ್ಧತಿಯನ್ನು ನಾನು ವೇದಿಕೆಗಳ ಮೇಲೆ ಎಷ್ಟೋ ಸಲ ಹೀಗಳೆದಿದ್ದೇನೆ, ಇವತ್ತೂ ಹೀಗಳೆಯುತ್ತೇನೆ. ಆದರೆ ಇವನನ್ನು ಯಾರೂ ಕೇಳಲಿಲ್ಲ ಎಂಬುದು ಪದ್ಧತಿಯ ತಪ್ಪಲ್ಲ, ನಮ್ಮದು.

ನಾನು ಅಮ್ಮ ಕೊಟ್ಟಿದ್ದ ಚೀಲ ಬಿಚ್ಚಿ ಅಕ್ಕನಿಗೆ ಕೊಟ್ಟೆ. ಅಕ್ಕ ಎಲೆ, ಅಡಿಕೆ, ಕಾಯಿ ಜೋಡಿಸಿ ಯೆನ್ಸನ ಕೈಗಿಟ್ಟು ಕಿವಿಯಲ್ಲಿ ಏನೋ ಹೇಳಿದಳು. ಅವನು ಟೊಪ್ಪಿಗೆ ತೆಗೆದು, ಮಾವನ ಮುಂದೆ ಸೊಂಟ ಬಗ್ಗಿಸಿ, ಎರಡೂ ಕೈ ಚಾಚಿದ.

"ಮಾವ, ಜಯಾನ ನನಗೆ ಕೊಡ್ತೀರಾ?"

ಮಾವ ತಕ್ಷಣ ತೆಗೆದುಕೊಳ್ಳಲಿಲ್ಲ. ಅಕ್ಕನ ಕಣ್ಣು ತುಂಬಿತ್ತು. ಕೊನೆಗೆ ಮಾವ ಟವೆಲ್ಲು ಹೆಗಲಿನಿಂದ ತೆಗೆದು, ಅದರಲ್ಲಿ ಎಲೆ-ಅಡಿಕೆ ಹಿಡಿದುಕೊಂಡ.

"ಕೊಟ್ಟೆ ಕಣಪ್ಪ. ಅವ್ಳಿಗೆ ಚಳಿ ಆಗಕಿಲ್ಲ. ನಿಮ್ಮೂರಲ್ಲಿ ಬೆಚ್ಚಗೆ ನೋಡ್ಕ."

ಕೆಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಲೆಕ್ಕಿಗರ ಕಡೆ ತಿರುಗಿದಳು. "ಈಗ ಬರ್ಕಳಪ್ಪ. ಇವತ್ತಿಗೆ ಇವ್ಳು ಯಾರ ಎಂಡ್ತೀನೂ ಅಲ್ಲ."

ಅವರು ಬರೆದರು. ಕೆಂಪಮ್ಮ ಹೆಬ್ಬೆಟ್ಟು ಒತ್ತಿದಳು, ಮಾವ ಸಹಿ ಹಾಕಿದ. ಅವಳ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು, ಮಜ್ಜಿಗೆ. ಯೆನ್ಸ್ ಮುದ್ದೆಯನ್ನು ಅಗಿಯದೆ ನುಂಗುವುದನ್ನು ನೋಡಲು ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನೆರೆದಿದ್ದರು.

ಕಚೇರಿ ಮುಚ್ಚುವ ಮೊದಲೇ ನಾಗಮಂಗಲ ಸೇರಿದೆವು. ಟೈಪಿಸ್ಟರು ಪತ್ರ ಹೊಡೆದುಕೊಟ್ಟರು, ತಹಸೀಲ್ದಾರರು ಓದಿ ಸಹಿ ಹಾಕಿದರು, ಮೊಹರು ಬಿತ್ತು. ಹೊರಗೆ ಬಂದು ಅಕ್ಕ ಆ ಕಾಗದವನ್ನು ಬಿಸಿಲಿಗೆ ಹಿಡಿದು ಮತ್ತೆ ಮತ್ತೆ ಓದಿದಳು. ಎಷ್ಟೋ ವಾರಗಳ ನಂತರ ಅವಳು ಗಟ್ಟಿಯಾಗಿ ನಕ್ಕದ್ದು ಅಲ್ಲೇ, ಟೀ ಅಂಗಡಿಯ ಬೆಂಚಿನ ಮೇಲೆ. ಯೆನ್ಸ್ ಎರಡನೇ ಲೋಟ ಟೀ ಕೇಳಿದ.

ವಾಪಸು ಜಕ್ಕನಹಳ್ಳಿ ಮೇಲೆ ಬರುವ ಬಸ್ಸು ಸಿಕ್ಕಿತು. ಸಂಜೆ ಪಾಂಡವಪುರದಲ್ಲಿ ಮಾವ ಇಳಿದ. ಎಲೆ-ಅಡಿಕೆಯ ಟವೆಲ್ಲು ಕಂಕುಳಲ್ಲಿತ್ತು. ಬಸ್ಸು ಹೊರಡುವಾಗ ಕಿಟಕಿಯ ಬಳಿ ಬಂದು ಅಕ್ಕನಿಗೆ ಕೈ ಬೀಸಿದ.

"ಬತ್ತೀನಿ ಕಣಮ್ಮಿ ಎಂಡ್ತಿ."

ಅಂದವನೇ ನಾಲಿಗೆ ಕಚ್ಚಿಕೊಂಡ. ಅಕ್ಕ ಕಾಗದವಿದ್ದ ಚೀಲವನ್ನು ಎದೆಗೆ ಒತ್ತಿಕೊಂಡಳು. ಯಾರು ಕೇಳಿಸಿಕೊಂಡರೋ ಎಂದು ನಾನು ತಿರುಗಿ ಇಡೀ ಬಸ್ಸನ್ನು ಒಮ್ಮೆ ನೋಡಿದೆ. ಕಬ್ಬು ಕಡಿಯುವವರು, ಬಳೆ ಮಾರುವವಳು, ನಿದ್ದೆ ಹೋದ ಮೇಷ್ಟರು. ದೇವರ ದಯೆ ಎನ್ನಲು ನನಗೆ ನಂಬಿಕೆಯಿಲ್ಲ. ಅಂತೂ ಗ್ರಾಮ ಲೆಕ್ಕಿಗರು ಇರಲಿಲ್ಲ.